ಮ್ಯಾನಿಫೋಲ್ಡ್ ಪ್ಯಾಕಿಂಗ್: ಸ್ಟೀಲ್‌ದೋ, ಶೀಟ್‌ದೋ, ಟ್ಯೂಬ್ ಪೇಸ್ಟೋ?

ಎಂಜಿನ್ನಿಂದ ಬರುವ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಎಂಜಿನ್ನಿಗೂ ನಡುವೆ ಹೊಗೆ ಸೋರದಂತೆ ಇಡುವುದೇ ಪ್ಯಾಕಿಂಗ್ (ಗ್ಯಾಸ್ಕೆಟ್). ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಟೀಲ್ ಪ್ಯಾಕಿಂಗ್‌ಗೆ. ಎರಡು ಮೂರು ತೆಳ್ಳನೆ ಪದರ ಒಂದರ ಮೇಲೊಂದು ಕೂತಿರುತ್ತಲ್ಲ, ಕಂಪನಿ ಸ್ಪೇರ್ ಅಂತ ಕೊಡುವುದು, ಅದು. ನಮ್ಮ ಮನೆಯ ಹಳೇ ಪೆಟ್ರೋಲ್ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಮೂರೂ ಬಗೆಯವು ಬಂದು ಹೋಗಿವೆ. ಈಗ ಉಳಿದಿರುವುದು ಸ್ಟೀಲ್‌ದೇ.

ಪ್ಯಾಕಿಂಗ್ ಹೋಗಿದೆ ಅಂತ ಗೊತ್ತಾಗುವುದು ಬೆಳಿಗ್ಗೆ. ಸ್ಟಾರ್ಟ್ ಮಾಡಿದ ಕೂಡಲೇ ಟಕ್ ಟಕ್ ಟಕ್. ಆಕ್ಸಿಲರೇಟರ್ ಒತ್ತಿದರೆ ಸದ್ದು ಜೋರು, ಸ್ವಲ್ಪ ದೂರ ಓಡಿಸಿದ ಮೇಲೆ ಮೆತ್ತಗೆ. ಲೋಹ ಬಿಸಿಯಾಗಿ ಹಿಗ್ಗುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಗ್ಯಾರೇಜಿಗೆ ಹೋದರೆ ಕೇಳುವ ಮೊದಲ ಮಾತು "ಟ್ಯಾಪೆಟ್ ಸೌಂಡ್ ಸಾರ್". ಟ್ಯಾಪೆಟ್ (ಎಂಜಿನ್ ಒಳಗೆ ವಾಲ್ವ್ ತಳ್ಳುವ ಭಾಗ) ಮುಟ್ಟಿಸುವ ಮುಂಚೆ ಎಂಜಿನ್ ತಣ್ಣಗಿರುವಾಗ ಮ್ಯಾನಿಫೋಲ್ಡಿನ ಮೇಲಿನ ತಗಡಿನ ಕವರ್ ಬಿಚ್ಚಿಸಿ ನೋಡಿ. ಹೆಡ್ಡು (ಎಂಜಿನ್ನಿನ ಮೇಲ್ಭಾಗ) ಮತ್ತು ಮ್ಯಾನಿಫೋಲ್ಡ್ ಸೇರುವ ಗೆರೆಯಲ್ಲಿ ಒಂದು ಕಡೆ ಮಾತ್ರ ಕಪ್ಪು ಮಸಿ ಹರಡಿದ್ದರೆ ಅಲ್ಲೇ ಹೊಗೆ ಸೋರುತ್ತಿದೆ. ಅನುಮಾನ ಉಳಿದರೆ ಬಯಲಿನಲ್ಲಿ ನಿಲ್ಲಿಸಿ ಎಂಜಿನ್ ಸ್ಟಾರ್ಟ್ ಮಾಡಿ, ಆ ಗೆರೆಯ ಪಕ್ಕ ಒಂದು ಊದುಬತ್ತಿ ಹಿಡಿಯಿರಿ. ಸೋರುವ ಜಾಗದಲ್ಲಿ ಬತ್ತಿಯ ಹೊಗೆ ಟಕ್ ಟಕ್‌ಗೆ ಸರಿಯಾಗಿ ಅದುರುತ್ತದೆ. ಪೆಟ್ರೋಲ್ ಪೈಪಿನ ಹತ್ತಿರ ಮಾತ್ರ ಬೇಡ. ಬಾಗಿಲು ಹಾಕಿದ ಶೆಡ್ಡಿನಲ್ಲಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಮೈಲೇಜೂ ಇಳಿಯಬಹುದು. ಆ ಸಂದಿನಿಂದ ಹೊರಗಿನ ಗಾಳಿಯೂ ಒಳಗೆ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಸಾಲದು ಅಂದುಕೊಳ್ಳುತ್ತದೆ, ಎಂಜಿನ್ನಿನ ಕಂಪ್ಯೂಟರ್ ಇಸಿಯು ಇನ್ನಷ್ಟು ಸುರಿಯುತ್ತದೆ.

ಇನ್ನು ಹೋಲಿಕೆ. ಟ್ಯೂಬ್ ಪೇಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಲಿಕಾನ್ ಟ್ಯೂಬಿನ ಮೇಲೆ 300 ಡಿಗ್ರಿಯ ಆಸುಪಾಸು ಬರೆದಿರುತ್ತದೆ. ಘಾಟ್ ಹತ್ತುವಾಗ ಎಂಜಿನ್ನಿಂದ ಬರುವ ಹೊಗೆ 700 ದಾಟುತ್ತದೆ. ನಮ್ಮದು ಶಿರಾಡಿ ಘಾಟ್ ಒಂದನ್ನೂ ಪೂರ್ತಿ ತಡೆಯಲಿಲ್ಲ. ಮೇಲಾಗಿ ಕೆಲವು ಸಿಲಿಕಾನ್‌ನಿಂದ ಸೆನ್ಸರ್ ಹಾಳಾಗುತ್ತದೆ.

ಹಾಳೆಯಿಂದ ಕತ್ತರಿಸಿದ ಶೀಟ್ ಪ್ಯಾಕಿಂಗ್‌ಗೆ ಒಂದು ಒಳ್ಳೆಯ ಗುಣ ಇದೆ. ಮೆತ್ತಗಿರುವುದರಿಂದ ಮ್ಯಾನಿಫೋಲ್ಡ್ ಸ್ವಲ್ಪ ಸೊಟ್ಟಗಾಗಿದ್ದರೂ ಹೊಂದಿಕೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಸಾಲೆದೋಸೆ, ಕಾಫಿಯ ದುಡ್ಡಿಗೆ ಸಿಕ್ಕಿತು. ಆದರೆ ಹೆಡ್ಡು ಅಲ್ಯೂಮಿನಿಯಂ, ನಮ್ಮ ಮ್ಯಾನಿಫೋಲ್ಡ್ ಬೀಡು ಕಬ್ಬಿಣ. ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಪ್ರತಿ ಸಲ ಬಿಸಿಯಾಗಿ ಆರುವಾಗ ನಡುವಿನ ಶೀಟ್ ಉಜ್ಜಿಕೊಳ್ಳುತ್ತದೆ. ಬಿಚ್ಚಿದಾಗ ಎರಡು ತೂತುಗಳ ನಡುವಿನ ಸಣ್ಣ ಪಟ್ಟಿ ಸುಟ್ಟು, ಬೆರಳು ತಾಗಿದರೆ ಉದುರುವ ಹಾಗಾಗಿತ್ತು. ಸ್ಟೀಲ್‌ದಕ್ಕೆ ತೂತಿನ ಸುತ್ತ ಉಬ್ಬು ಗೆರೆ ಇರುತ್ತದೆ. ಅದು ಸ್ಪ್ರಿಂಗ್ ಥರ ಒತ್ತಿಕೊಂಡೇ ಇರುತ್ತದೆ.

ನಿಜವಾದ ತಲೆನೋವು ಪ್ಯಾಕಿಂಗ್ ಅಲ್ಲ, ಸ್ಟಡ್, ಅಂದರೆ ಮ್ಯಾನಿಫೋಲ್ಡ್ ಬಿಗಿಯಲು ಹೆಡ್ಡಿಗೆ ಕೂರಿಸಿದ ತಲೆಯಿಲ್ಲದ ಬೋಲ್ಟು. ವರ್ಷಗಟ್ಟಲೆ ಕಾದು ತುಕ್ಕು ಹಿಡಿದ ನಟ್ಟು ಸುಲಭಕ್ಕೆ ಬರುವುದಿಲ್ಲ. ಶೀಟ್ ಬದಲಿಸಲು ಕೂತ ಹುಡುಗ ಉದ್ದ ಪಾನಾ ಹಾಕಿ ಎಳೆದ. ಕಡೇ ಸ್ಟಡ್ ಹೆಡ್ಡಿನ ಮಟ್ಟಕ್ಕೇ ಪಟ್ ಅಂತ ಮುರಿಯಿತು. ಸಾಮಾನ್ಯವಾಗಿ ಮುರಿಯುವುದು ತುದಿಯವೇ. ಮ್ಯಾನಿಫೋಲ್ಡ್ ಉದ್ದಕ್ಕೆ ಹಿಗ್ಗುವುದರಿಂದ ಎಳೆತವೆಲ್ಲ ಅವಕ್ಕೇ ಬೀಳುತ್ತದೆ. ನಮ್ಮ ಕಾರಿನಲ್ಲಿ ಅದು ಇರುವುದು ಎಂಜಿನ್ ಹಿಂಬದಿಯಲ್ಲಿ, ಕೈಯೂ ಸರಿಯಾಗಿ ಹೋಗದ ಮೂಲೆ.

ಡ್ರಿಲ್ ಹಿಡಿದರೆ ಅದರ ಮೊನೆ ಗಟ್ಟಿ ಸ್ಟಡ್ ಬಿಟ್ಟು ಪಕ್ಕದ ಮೆತ್ತನೆ ಅಲ್ಯೂಮಿನಿಯಂ ಕಡೆ ಜಾರುತ್ತದೆ. ಹಾಗಾದರೆ ಹೆಡ್ಡೇ ಹೋಯಿತು. ನಮ್ಮನ್ನು ಕಾಪಾಡಿದ್ದು ಪಕ್ಕದ ಬೀದಿಯ ವೆಲ್ಡಿಂಗ್ ಅಂಗಡಿಯ ಹಿರಿಯರು. ಮೊದಲು ಬ್ಯಾಟರಿ ವೈರ್ ಬಿಚ್ಚಿಸಿದರು. ಮುರಿದ ತುದಿಯ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡ್ ತುಂಬಿದರು. "ಆರಲಿ ಸಾರ್, ಅವಸರ ಬೇಡ" ಅಂದರು. ಆಮೇಲೆ ಸ್ಪ್ಯಾನರ್ ಹಾಕಿ ಚೂರು ಆ ಕಡೆ, ಚೂರು ಈ ಕಡೆ. ಬಂತು! ಆ ಒಂದು ಸ್ಟಡ್ಡಿಗೆ ಕೊಟ್ಟ ದುಡ್ಡಿನ ಮುಂದೆ ಸ್ಟೀಲ್ ಪ್ಯಾಕಿಂಗ್ ಏನೇನೂ ಅಲ್ಲ. ನನ್ನ ಲೆಕ್ಕ ಇಷ್ಟೇ: ಪ್ರತಿ ಸಲ ಬಿಚ್ಚಿದಾಗಲೂ ಸ್ಟಡ್ ಮುರಿಯುವ ಭಯ ಇರುತ್ತದೆ, ಅದಕ್ಕೇ ಬಿಚ್ಚುವುದು ಕಮ್ಮಿಯಾಗಬೇಕು.

ಅವತ್ತೇ ಸ್ಟೀಲ್‌ದು ಹಾಕಿಸಿದೆ. ಇದಕ್ಕೆ ಸ್ವಲ್ಪ ಗತ್ತು ಜಾಸ್ತಿ. ಹಳೇ ಕಸ ಪೂರ್ತಿ ಕೆರೆದು ತೆಗೆದಿರಬೇಕು. ಮ್ಯಾನಿಫೋಲ್ಡಿನ ಮುಖದ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳನೆ ಪಟ್ಟಿ) ತೂರಿಸಿ ನೋಡಬೇಕು. ಸೊಟ್ಟ ಇದ್ದರೆ ಫೇಸಿಂಗ್ (ಮುಖ ಉಜ್ಜಿ ಸಮ ಮಾಡುವುದು) ಮಾಡಿಸಲೇಬೇಕು, ನಮ್ಮದನ್ನೂ ಮಾಡಿಸಿದೆವು. ನಟ್ಟುಗಳನ್ನು ನಡುವಿನಿಂದ ತುದಿಯ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ಮ್ಯಾನುಯಲ್‌ನಲ್ಲಿರುವ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿಯಬೇಕು. "ಜೊತೆಗೆ ಚೂರು ಪೇಸ್ಟ್ ಹಚ್ಚೋಣ ಸಾರ್" ಅಂದರೆ ಬೇಡ ಅನ್ನಿ.

ಇದೆಲ್ಲ ಎಕ್ಸಾಸ್ಟ್ ಕಡೆಯ ಮಾತು. ಗಾಳಿ ಒಳಗೆ ಹೋಗುವ ಇನ್ಟೇಕ್ ಕಡೆ ಸೋರಿದರೆ ಟಕ್ ಟಕ್ ಬರುವುದಿಲ್ಲ, ಸುಯ್ ಅನ್ನುತ್ತದೆ, ಐಡಲಿಂಗ್ ಏರಿಳಿಯುತ್ತದೆ. ಅಲ್ಲಿ ಬಹಳಷ್ಟು ಕಾರುಗಳಲ್ಲಿ ರಬ್ಬರ್ ರಿಂಗ್, ಅಷ್ಟು ಕಾವೂ ಇಲ್ಲ. ಅಳತೆ ಸರಿಯಿದ್ದರೆ ಹೊರಗಿನ ಒಳ್ಳೆ ರಿಂಗೂ ನಡೆಯುತ್ತದೆ.

ನಾನು ಕಾರನ್ನು ಪೂರ್ತಿ ಸವೆಯುವ ತನಕ ಇಟ್ಟುಕೊಳ್ಳುವವನು, ಊರಿಗೆ ಹೋಗುವುದೂ ಘಾಟ್ ಮೇಲೆಯೇ. ನಿಮ್ಮದು ಬರೀ ಊರೊಳಗಿನ ಓಡಾಟ, ಬೇಗ ಮಾರುವ ಯೋಚನೆ ಇದೆ ಅಂದರೆ ಶೀಟ್‌ದೇ ಸಾಕು. ನಟ್ಟುಗಳಿಗೆ ಮಾತ್ರ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.