ಕೋಳಿ ಗೂಡಿಗೆ ಭತ್ತದ ಹೊಟ್ಟು: ಮೂರೂವರೆ ವರ್ಷ ಹಾಸಿ ನೋಡಿದ ಮೇಲೆ

ಅಂಕ ಮೊದಲೇ ಹೇಳಿಬಿಡುತ್ತೇನೆ. ಗೂಡಿನ ಒಳಗೆ ಭತ್ತದ ಹೊಟ್ಟಿಗೆ ಐದಕ್ಕೆ ನಾಲ್ಕು. ಹೊರಗೆ ಕೋಳಿಗಳು ಓಡಾಡುವ ಅಂಗಳಕ್ಕೆ ಒಂದೇ ಒಂದು, ಅದೂ ಅಗ್ಗವೆಂಬ ದಾಕ್ಷಿಣ್ಯಕ್ಕೆ.

ನಮ್ಮ ಮನೆ ಇರುವುದು ದಾವಣಗೆರೆಯ ಆವರಗೆರೆ ಕಡೆ, ಊರು ಮುಗಿದು ಹೊಲ ಶುರುವಾಗುವಲ್ಲಿ. ಹಿತ್ತಲು ಅಪ್ಪಟ ಎರೆ ಮಣ್ಣಿನದು. 2022ರ ಜೂನ್‌ನಲ್ಲಿ ಎಂಟು ಅಡಿ ಉದ್ದ, ಆರು ಅಡಿ ಅಗಲದ ಗೂಡು ಕಟ್ಟಿಸಿ, ಮುಂದೆ ಜಾಲರಿ ಬಿಗಿದ ಅಂಗಳ ಮಾಡಿಸಿದೆವು. ಮೊದಲು ಹನ್ನೆರಡು ಜವಾರಿ ಹೇಂಟೆ, ಒಂದು ಹುಂಜ. ಆಮೇಲೆ ಆರು ಗಿರಿರಾಜ ಸೇರಿದವು. ಮೊಟ್ಟೆ ಮನೆಗೆ ಸಾಕಾಗಿ ಉಳಿದದ್ದು ಓಣಿಗೆ ಹೋಗುತ್ತದೆ. ಇಷ್ಟೇ ನಮ್ಮ ಉದ್ಯಮ.

ಗೂಡಿಗೆ ಏನು ಹಾಸಬೇಕೆಂದು ಈ ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಭದ್ರಾ ನಾಲೆಯ ಭತ್ತ, ಅದರ ಹಿಂದೆಯೇ ಅಕ್ಕಿ ಗಿರಣಿಗಳು, ಗಿರಣಿಗಳ ಹಿಂದೆ ಹೊಟ್ಟಿನ ಗುಡ್ಡ. ನಾನೂ ಚೀಲ ಹಿಡಿದು ಹೋದೆ. ಬಾಯಿ ತಪ್ಪಿ "ಕೋಳಿಗೆ ಹಾಸುವುದಕ್ಕೆ ತೌಡು ಕೊಡಿ" ಎಂದೆ. ಚೀಲ ತುಂಬುವವನು ನನ್ನನ್ನೊಮ್ಮೆ ನೋಡಿ, "ತೌಡು ಹಾಸಿದರೆ ನಿಮ್ಮ ಕೋಳಿಗಳು ಹಾಸಿಗೆಯನ್ನೇ ತಿಂದು ಮುಗಿಸುತ್ತವೆ ಅಕ್ಕಾ, ನಿಮಗೆ ಬೇಕಾದದ್ದು ಹೊಟ್ಟು" ಎಂದ. ಆಗ ದೊಡ್ಡ ಚೀಲಕ್ಕೆ ನಲವತ್ತು ರೂಪಾಯಿ ಕೊಟ್ಟಿದ್ದೆ. ಹೊಟ್ಟು ಹಗುರ, ಚೀಲ ಎಷ್ಟು ಉಬ್ಬಿದ್ದರೂ ಹತ್ತು ಹನ್ನೆರಡು ಕಿಲೋ ದಾಟುವುದಿಲ್ಲ. ನಮ್ಮ ಗೂಡಿಗೆ ನಾಲ್ಕು ಅಂಗುಲ ದಪ್ಪ ಹಾಸಲು ಐದು ಚೀಲ ಹಿಡಿಯಿತು.

ಹೊಟ್ಟಿನ ಗುಣ ಏನೆಂದರೆ ಅದು ನೀರನ್ನು ಹೆಚ್ಚು ಹೀರುವುದಿಲ್ಲ. ಅದರಲ್ಲಿ ಮರಳಿನ ಜಾತಿಯ ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದೂ ಇಲ್ಲ. ಹೀರದ ವಸ್ತು ಹಾಸಿಗೆಗೆ ಹೇಗೆ ಒಳ್ಳೆಯದು ಎಂದು ನನಗೂ ಅನಿಸಿತ್ತು. ಬಳಸಿದಾಗ ಗೊತ್ತಾಯಿತು: ಹಿಕ್ಕೆ ಬಿದ್ದ ಕೂಡಲೇ ಹೊಟ್ಟು ಅದರ ಸುತ್ತ ಮೆತ್ತಿಕೊಂಡು ಸಣ್ಣ ಉಂಡೆಯಾಗುತ್ತದೆ. ಕೋಳಿಗಳು ಕೆದರುತ್ತಲೇ ಇರುವುದರಿಂದ ಉಂಡೆ ಗಾಳಿಗೆ ಸಿಕ್ಕಿ ಒಣಗಿ, ಪುಡಿಯಾಗಿ ಕೆಳಗಿಳಿಯುತ್ತದೆ. ಮೂಲೆಗಳನ್ನು ಅವು ಕೆದರುವುದಿಲ್ಲ. ಅಲ್ಲಿಗೆ ಸಂಜೆ ಒಂದು ಹಿಡಿ ಮೆಕ್ಕೆಜೋಳದ ನುಚ್ಚು ಎರಚಿದರೆ ನನ್ನ ಸಲಿಕೆಯ ಕೆಲಸ ಅರ್ಧ ಉಳಿಯುತ್ತದೆ. ತಿಂಗಳಿಗೊಮ್ಮೆ ಮೇಲೆ ಒಂದು ಅಂಗುಲ ಹೊಸ ಹೊಟ್ಟು, ಆರು ತಿಂಗಳಿಗೊಮ್ಮೆ ಪೂರ್ತಿ ಬದಲಾವಣೆ. ಪರೀಕ್ಷೆ ಸುಲಭ: ಮುಷ್ಟಿಯಲ್ಲಿ ಹಿಡಿದು ಹಿಸುಕಿ ಬಿಟ್ಟಾಗ ಉದುರಿದರೆ ಸರಿ, ಉಂಡೆ ಕಟ್ಟಿ ನಿಂತರೆ ನೀರು ಹೆಚ್ಚಾಗಿದೆ.

ದೂರುಗಳೂ ಇವೆ. ದೂಳು ಬಹಳ. ಆಷಾಢದ ಗಾಳಿಗೆ ಜಾಲರಿಯಿಂದ ಹಾರಿಹೋಗುತ್ತದೆ. ಬೇಸಿಗೆಯಲ್ಲೂ ಒಂದು ಮಧ್ಯಾಹ್ನ ಬೀಸಿದ ಗಾಳಿಗೆ ಪಕ್ಕದ ಮನೆಯ ಅಜ್ಜಿ ಚಾಪೆಯ ಮೇಲೆ ಹಾಕಿದ್ದ ಸಂಡಿಗೆಗೆಲ್ಲ ಹೊಟ್ಟು ಅಂಟಿಕೊಂಡಿತ್ತು. "ಏನವ್ವಾ, ನಮಗೂ ಕೋಳಿ ಹಾಸಿಗೆ ತಿನ್ನಿಸುತ್ತೀಯಾ?" ಎಂದು ಕೇಳಿದರು. ಒಂದು ವಾರ ಮೊಟ್ಟೆ ಪುಕ್ಕಟೆ ಕೊಟ್ಟು ಸಮಾಧಾನ ಮಾಡಿದೆ. ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಹೊಟ್ಟಿಗೆ ಕಾದಿರುವವರು ನಾವಷ್ಟೇ ಅಲ್ಲ. ಮಂಡಕ್ಕಿ ಭಟ್ಟಿ, ಇಟ್ಟಿಗೆ ಗೂಡು, ಬಾಯ್ಲರ್ ಎಲ್ಲದಕ್ಕೂ ಅದೇ ಉರುವಲು. 2023ರ ಬರದಲ್ಲಿ ನಾಲೆಯ ನೀರಿಗೆ ತತ್ವಾರ ಬಂದು, ಮುಂದಿನ ಬೇಸಿಗೆಯ ಭತ್ತ ಇಳಿದಾಗ ನಾನು ಅದೇ ಚೀಲಕ್ಕೆ ಎಪ್ಪತ್ತು ಕೊಟ್ಟೆ.

ಇವೆಲ್ಲ ಸಹಿಸಬಹುದಾದವು. ಸಹಿಸಲಾಗದ್ದು ಎರಡನೆಯ ಮಳೆಗಾಲದಲ್ಲಿ ಆಯಿತು. ಆ ಸಲ ಬೇರೊಂದು ಗಿರಣಿಗೆ ಹೋಗಿದ್ದೆ, ಹತ್ತು ರೂಪಾಯಿ ಕಡಿಮೆ ಎಂದು. ಹೊರಗೆ ಬಯಲಲ್ಲಿದ್ದ ರಾಶಿಯಿಂದ ತುಂಬಿಕೊಟ್ಟರು. ಮೇಲ್ಪದರ ಚಿನ್ನದ ಹಾಗೆ ಒಣಗಿತ್ತು. ಮನೆಗೆ ತಂದು ಸುರಿದಾಗ ಚೀಲದ ನಡುವಿನ ಹೊಟ್ಟು ಬೆಚ್ಚಗಿತ್ತು, ಬೂಷ್ಟಿನ ವಾಸನೆ, ಅಲ್ಲಲ್ಲಿ ಬೂದು ಬಣ್ಣದ ಗಂಟು. ಕೊಡವಿ, ಗಂಟು ತೆಗೆದು, ಒಂದು ಬಿಸಿಲು ಕಾಣಿಸಿ ಹಾಸಿದೆ. ಹತ್ತು ದಿನದ ಹನ್ನೊಂದು ಮರಿಗಳು ಆಗ ಗೂಡಿನಲ್ಲಿದ್ದವು. ಐದನೆಯ ದಿನ ಎರಡು ಮರಿ ಕತ್ತು ಚಾಚಿ, ಬಾಯಿ ತೆರೆದು ಉಸಿರಾಡುತ್ತಿದ್ದವು. ಸದ್ದೇ ಇಲ್ಲ, ಬಾಯಿ ಮಾತ್ರ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಪಶು ವೈದ್ಯರು ನೋಡಿ, ಬೂಷ್ಟಿನ ಬೀಜಕಣ ಶ್ವಾಸಕೋಶಕ್ಕೆ ಇಳಿದಿದೆ, ಇದಕ್ಕೆ ಔಷಧಿ ಹಾಕಿ ಗೆಲ್ಲುವುದು ಕಷ್ಟ, ಮೊದಲು ಹಾಸಿಗೆ ತೆಗೆಯಿರಿ ಎಂದರು. ನಾಲ್ಕು ಮರಿ ಹೋದವು. ಬೂಷ್ಟು ಬಂದ ಹೊಟ್ಟನ್ನು ಬಿಸಿಲಿಗೆ ಹಾಕಿದರೆ ಅದು ಒಣಗುತ್ತದೆ, ಬೀಜಕಣ ಸಾಯುವುದಿಲ್ಲ. ಒಣಗಿದ ಮೇಲೆ ಇನ್ನೂ ಸುಲಭವಾಗಿ ಹಾರುತ್ತದೆ. ಹತ್ತು ರೂಪಾಯಿ ಉಳಿಸಿದ್ದೆನಲ್ಲ!

ಮರಿಗಳಿಗೆ ಇನ್ನೊಂದು ಮಾತು. ಮೊದಲ ಮೂರು ನಾಲ್ಕು ದಿನ ಅವು ಯಾವುದು ಕಾಳು, ಯಾವುದು ಹೊಟ್ಟು ಎಂದು ತಿಳಿಯದೆ ಎಲ್ಲವನ್ನೂ ಕುಕ್ಕುತ್ತವೆ. ಹೊಟ್ಟಿನ ಮೇಲೆ ಪತ್ರಿಕೆ ಹಾಸಿ ಎನ್ನುತ್ತಾರೆ. ನಯವಾದ ಕಾಗದದ ಮೇಲೆ ಮರಿಯ ಕಾಲು ಜಾರಿ ಅಗಲವಾಗಿ ನಿಂತುಬಿಡುವ ಅಪಾಯವಿದೆ. ನಾನು ಒಗೆದು ಒಣಗಿಸಿದ ಗೋಣಿತಟ್ಟು ಹಾಸುತ್ತೇನೆ.

ಅದೇ ಮಳೆಗಾಲದಲ್ಲಿ ಗೂಡಿನ ಬಾಗಿಲು ತೆರೆದರೆ ಕಣ್ಣು ಉರಿಯುವಷ್ಟು ಘಾಟು ಶುರುವಾಯಿತು. ಯಾರೋ ಸುಣ್ಣ ಹಾಕು ಎಂದರು. ಅರಳಿದ ಸುಣ್ಣವನ್ನು ಎರಡು ಬೊಗಸೆ ಎರಚಿ ಕೆದಕಿದೆ. ಹತ್ತು ನಿಮಿಷದಲ್ಲಿ ನಾನು ಹೊರಗೆ, ಕೋಳಿಗಳು ನನ್ನ ಹಿಂದೆ. ಒದ್ದೆ ಹಿಕ್ಕೆಯಲ್ಲಿ ಕರಗಿ ಕುಳಿತಿರುವ ಅಮೋನಿಯಾ ಸುಣ್ಣದ ಕ್ಷಾರ ತಗುಲಿದೊಡನೆ ಅನಿಲವಾಗಿ ಏಳುತ್ತದೆ ಎಂಬುದು ಆಮೇಲೆ ತಿಳಿಯಿತು. ಈಗ ಸುಣ್ಣ ಬಳಸುವುದು ಹಾಸಿಗೆ ಪೂರ್ತಿ ತೆಗೆದು, ಕೋಳಿಗಳನ್ನು ಹೊರಗಟ್ಟಿ, ಬರಿ ನೆಲಕ್ಕೆ ಬಳಿಯುವಾಗ ಮಾತ್ರ.

ತಪ್ಪು ಹೊಟ್ಟಿನದೇ ಎಂದು ತೀರ್ಮಾನಿಸಿ ತೆಂಗಿನ ನಾರಿನ ಪುಡಿಗೆ ಬದಲಾಯಿಸಿದೆ. ನೀರನ್ನು ತನ್ನ ತೂಕದ ಹಲವು ಪಟ್ಟು ಹೀರುತ್ತದೆ ಎಂಬ ಹೊಗಳಿಕೆ ನಿಜವೇ. ಆದರೆ ಅಂಗಡಿಯಲ್ಲಿ ಸಿಗುವುದು ಒತ್ತಿ ಮಾಡಿದ ಐದು ಕಿಲೋ ಇಟ್ಟಿಗೆ, ಅದು ಬಿಚ್ಚಿಕೊಳ್ಳಬೇಕಾದರೆ ನೀರಿನಲ್ಲಿ ನೆನೆಸಲೇಬೇಕು. ಗಿಡದ ಕುಂಡಕ್ಕಾದರೆ ಅನುಕೂಲ. ಕೋಳಿಗೆ ಒಣ ಹಾಸಿಗೆ ಬೇಕೆಂದು ಹೊರಟವಳು ಬಕೆಟ್ಟುಗಟ್ಟಲೆ ಕೆಸರು ಮಾಡಿಕೊಂಡು ನಿಂತಿದ್ದೆ. ಆರು ಇಟ್ಟಿಗೆಯ ಪುಡಿಯನ್ನು ತಾರಸಿಯ ಮೇಲೆ ಹರಡಿದೆ. ಮೊದಲ ದಿನ ಮೋಡ, ಎರಡನೆಯ ದಿನ ತುಂತುರು, ತಾಡಪತ್ರಿ ಮುಚ್ಚು, ತೆಗೆ. ಒಣಗಲು ಆರು ದಿನ ಹಿಡಿಯಿತು. ಒಣಗಿದ ಮೇಲೆ ಅದರ ದೂಳಿನ ಮುಂದೆ ಹೊಟ್ಟಿನ ದೂಳು ಲೆಕ್ಕಕ್ಕೇ ಇಲ್ಲ. ಮನೆಯವರು ಸೀನುತ್ತಾ "ನಿನ್ನ ಕೋಳಿಗಳಿಗಿಂತ ಮೊದಲು ನಾನು ಗೂಡು ಬಿಡುತ್ತೇನೆ" ಎಂದರು. ಬಿಡಿ ಪುಡಿಯನ್ನು ಹೊಸದುರ್ಗದ ಕಡೆಯ ನಾರಿನ ಘಟಕಗಳಿಂದ ನೇರವಾಗಿ ತರುವವರಿಗೆ ಈ ಗೋಳಿಲ್ಲ, ನಮಗೆ ಅದು ದೂರವಾಯಿತು. ಒಂದು ಮಾತು ಮಾತ್ರ ಒಪ್ಪಬೇಕು: ಆ ಹಾಸಿಗೆ ಗೊಬ್ಬರವಾದದ್ದು ಹೊಟ್ಟಿಗಿಂತ ಎಷ್ಟೋ ಬೇಗ. ಹೊಟ್ಟಿನ ಗೊಬ್ಬರದಲ್ಲಿ ವರ್ಷ ಕಳೆದರೂ ಹೊಟ್ಟು ಹೊಟ್ಟಾಗಿಯೇ ಕಾಣುತ್ತದೆ.

ಮರದ ಹೊಟ್ಟಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಸಾಮಿಲ್‌ನ ಪುಡಿ ತೀರಾ ಸಣ್ಣ, ಪ್ಲೈವುಡ್ ಕೊಯ್ದ ಅಂಟಿನ ಪುಡಿಯೂ ಬೆರೆತಿರುತ್ತದೆ. ಒಂದು ಚೀಲ ತಂದು ಬಿಟ್ಟೆ. ಚಳ್ಳಕೆರೆಯಿಂದ ನೆಂಟರು ಶೇಂಗಾ ಸಿಪ್ಪೆ ತಂದಿದ್ದರು. ಬೇಸಿಗೆಗೆ ಚೆನ್ನ, ಮಳೆಗಾಲಕ್ಕೆ ಬೇಡ. ಅದಕ್ಕೂ ಬೂಷ್ಟು ಬೇಗ ಹತ್ತುತ್ತದೆ, ನಾನು ಒಮ್ಮೆ ಪಾಠ ಕಲಿತವಳು.

ನಾರಿನ ಪುಡಿ ಹಾಸಿ ಇಪ್ಪತ್ತು ದಿನಕ್ಕೆ ಮತ್ತೆ ಅದೇ ಘಾಟು. ಒಂದು ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಗೂಡಿನೊಳಗೆ ಕುಕ್ಕರಗಾಲಿನಲ್ಲಿ ಕುಳಿತು ನೆಲ ಮುಟ್ಟುತ್ತಾ ಹೋದೆ. ಒದ್ದೆಯಾಗಿದ್ದದ್ದು ಇಡೀ ಗೂಡಲ್ಲ. ನೀರಿನ ಪಾತ್ರೆಯ ಸುತ್ತ ರೊಟ್ಟಿಯಷ್ಟು ಅಗಲದ ಒಂದು ಗುಂಡು. ಪಶ್ಚಿಮದ ಗೋಡೆಗೆ ಅಂಟಿ ಒಂದು ಉದ್ದ ಗೆರೆ. ಅಷ್ಟೇ. ಕೋಳಿಗಳು ಕೆದರಿದಾಗ ಹಾಸಿಗೆ ಪಾತ್ರೆಗೆ ಬೀಳುತ್ತಿತ್ತು, ಅವು ಕೊಕ್ಕು ಕೊಡವಿದಾಗ ನೀರು ಹಾಸಿಗೆಗೆ ಬೀಳುತ್ತಿತ್ತು. ಗೋಡೆಯ ಗೆರೆ ಮುಂಗಾರಿನ ಗಾಳಿ ಮಳೆಯದು. ಸೂರು ಅರ್ಧ ಅಡಿ ಗಿಡ್ಡವಾಗಿತ್ತು. ಇಷ್ಟು ದಿನ ಸುಮ್ಮನೆ ಹೊಟ್ಟನ್ನು ಬೈದಿದ್ದೆ.

ಪಾತ್ರೆಯನ್ನು ಇಟ್ಟಿಗೆಗಳ ಮೇಲೆ ಕೋಳಿಯ ಬೆನ್ನಿನ ಎತ್ತರಕ್ಕೆ ಏರಿಸಿದೆ. ಸೂರಿಗೆ ತಗಡಿನ ತುಂಡು ಸೇರಿಸಿ ಒಂದೂವರೆ ಅಡಿ ಹೊರಚಾಚಿಸಿದೆವು. ಮೇಸ್ತ್ರಿಯ ಕೂಲಿ ಸೇರಿ ಒಂಬೈನೂರು ರೂಪಾಯಿ. ನಾರಿನ ಪುಡಿ ತೆಗೆದು ಹೊಟ್ಟಿಗೇ ಮರಳಿದೆ. ಆಮೇಲಿನ ಎರಡು ಮಳೆಗಾಲ ಘಾಟು ಇಲ್ಲ. ಪಾತ್ರೆಯ ಕೆಳಗಿನ ಹೊಟ್ಟನ್ನು ಮಾತ್ರ ವಾರಕ್ಕೊಮ್ಮೆ ಬದಲಿಸುತ್ತೇನೆ. ಒದ್ದೆ ಹಾಸಿಗೆಯಲ್ಲೇ ಬಲಿಯುವ ರಕ್ತಭೇದಿ ಆಮೇಲೆ ನಮ್ಮ ಗೂಡಿನತ್ತ ಸುಳಿದಿಲ್ಲ.

ಹೊರಗಿನ ಅಂಗಳದ ಕಥೆಯೇ ಬೇರೆ. ಅಲ್ಲಿ ಸೂರಿಲ್ಲ. ಹಾಸಿದ ಹೊಟ್ಟು ಮೊದಲ ದೊಡ್ಡ ಮಳೆಗೆ ತೇಲಿಹೋಗಿ ಬೇಲಿಯ ಬುಡದಲ್ಲಿ ಸಾಲಾಗಿ ನಿಂತಿತು. ಉಳಿದದ್ದು ಎರೆಯೊಂದಿಗೆ ಕಲಸಿ, ಕೋಳಿಯ ಬೆರಳಿಗೆ ಒಂದೊಂದು ನಿಂಬೆಹಣ್ಣಿನಷ್ಟು ಮಣ್ಣಿನ ಗುಂಡು ಕಟ್ಟಿತು. ಬೂಟು ತೊಟ್ಟವರ ಹಾಗೆ ಕಾಲೆತ್ತಿ ಕಾಲೆತ್ತಿ ನಡೆಯುತ್ತಿದ್ದವು. ನೋಡಿ ನಕ್ಕೆ, ಬಿಸಿನೀರಿನಲ್ಲಿ ನೆನೆಸಿ ಬಿಡಿಸುವಾಗ ನಗು ಬರಲಿಲ್ಲ. ಮರಳು ಹಾಕಿಸಿದೆ. ಕೆಳಗೆ ಜಲ್ಲಿ ಹಾಕದೆ ಮರಳು ಸುರಿದದ್ದು ನನ್ನ ಬುದ್ಧಿ, ಅರ್ಧ ಟ್ರ್ಯಾಕ್ಟರ್ ಮರಳನ್ನು ಒಂದೇ ಮಳೆಗಾಲದಲ್ಲಿ ಎರೆ ನೆಲ ನುಂಗಿತು.

ಈಗ ಅಲ್ಲಿ ಇರುವುದು ಅಡಿಕೆ ಸಿಪ್ಪೆ. ಚನ್ನಗಿರಿಯಲ್ಲಿರುವ ನಮ್ಮ ಚಿಕ್ಕಪ್ಪ, ಸುಲಿದ ಸಿಪ್ಪೆಯನ್ನು ಎಲ್ಲಿ ಹಾಕುವುದೆಂದು ತಿಳಿಯದೆ ರಸ್ತೆ ಬದಿಗೆ ಸುರಿಯುವವರು, ಒಂದು ಪಿಕಪ್ ತುಂಬ ಕಳಿಸಿದರು. ಬಾಡಿಗೆ ಬಿಟ್ಟರೆ ಖರ್ಚಿಲ್ಲ. ಆರು ಅಂಗುಲ ದಪ್ಪ ಹಾಸಿದ್ದೇವೆ. ನೀರು ಸಂದಿಯಲ್ಲಿ ಇಳಿದುಹೋಗುತ್ತದೆ, ಕೋಳಿಯ ಕಾಲು ಮೇಲೆ ಉಳಿಯುತ್ತದೆ. ಎರಡು ವರ್ಷವಾದರೂ ಕೊಳೆತದ್ದು ಅಡಿಯ ಪದರ ಮಾತ್ರ, ಅದರಲ್ಲಿ ಹುಳು ಹುಡುಕುವುದೇ ಅವುಗಳ ದಿನದ ಉದ್ಯೋಗ. ದೋಷ ಒಂದೇ: ಬಿಚ್ಚಿಕೊಂಡ ಉದ್ದ ನಾರು ಮರಿಯೊಂದರ ಬೆರಳಿಗೆ ಸುತ್ತಿ ಬೆರಳು ಊದಿತ್ತು. ಕತ್ತರಿಯಿಂದ ಬಿಡಿಸಿದೆ. ಎರಡು ತಿಂಗಳು ತುಂಬದ ಮರಿಯನ್ನು ಅಲ್ಲಿಗೆ ಬಿಡುವುದಿಲ್ಲ.

ಅಂಗಳದ ಮೂಲೆಯಲ್ಲಿ, ಹಳೆಯ ಟೈರಿನೊಳಗೆ, ಮಂಡಕ್ಕಿ ಭಟ್ಟಿಯ ಕರಿಬೂದಿ ಮತ್ತು ಒಣ ಮಣ್ಣು ಬೆರೆಸಿ ಇಟ್ಟಿದ್ದೇನೆ. ಹೊಟ್ಟು ಮಾತ್ರ ಉರಿಸುವ ಭಟ್ಟಿಯೇ ಎಂದು ಕೇಳಿಕೊಂಡು ತರಬೇಕು. ಕಂಡದ್ದನ್ನೆಲ್ಲ ಸುಟ್ಟ ಬೂದಿ ಬೇಡ. ಹೇನು ಕಚ್ಚಿದ ಕೋಳಿ ಅದರಲ್ಲಿ ಹೊರಳಾಡಿ, ರೆಕ್ಕೆ ಬಿಚ್ಚಿ ಒಂದು ಮಗ್ಗುಲಿಗೆ ಸತ್ತಂತೆ ಮಲಗುತ್ತದೆ. ಮೊದಲ ಸಲ ನೋಡಿದಾಗ ನಿಜಕ್ಕೂ ಸತ್ತಿತೆಂದು ಓಡಿದ್ದೆ.

ಮೊನ್ನೆ ಗೂಡಿನ ಹಾಸಿಗೆ ಬದಲಿಸುವ ಸರದಿ ಬಂತು. ಮೊದಲಿನ ಗಿರಣಿಗೇ ಹೋದೆ. ಈಗ ಚೀಲಕ್ಕೆ ಐವತ್ತೈದು. ನಾನು ಪ್ರತಿ ಚೀಲದ ಬಾಯಿ ಬಿಚ್ಚಿಸಿ, ಮೊಣಕೈವರೆಗೆ ಕೈ ಇಳಿಸಿ, ನಡುವಿನ ಹೊಟ್ಟು ತಣ್ಣಗಿದೆಯೇ ನೋಡುತ್ತಿದ್ದೆ. ಮೊದಲ ದಿನ ನನಗೆ ತೌಡಿನ ಪಾಠ ಹೇಳಿದ್ದ ಅವನೇ ನಾಲ್ಕನೆಯ ಚೀಲದ ಹೊತ್ತಿಗೆ ಬೇಸತ್ತು, "ಚಿನ್ನದ ಅಂಗಡಿಯಲ್ಲೂ ಯಾರೂ ಇಷ್ಟು ನೋಡುವುದಿಲ್ಲ ಅಕ್ಕಾ" ಎಂದ. ಐದನೆಯದನ್ನೂ ಬಿಚ್ಚಿಸಿದೆ.