ಸಿ ಭಾಷೆಗೆ ಮೂರು ಪುಸ್ತಕ ಕೊಂಡೆ, ಮೇಜಿನ ಮೇಲೆ ಉಳಿದದ್ದು ಕಿಂಗ್

ಮೊದಲೇ ಹೇಳಿಬಿಡುತ್ತೇನೆ, ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ನನ್ನ ಓಟು ಕೆ.ಎನ್. ಕಿಂಗ್ ಅವರ ‘ಸಿ ಪ್ರೋಗ್ರಾಮಿಂಗ್: ಎ ಮಾಡರ್ನ್ ಅಪ್ರೋಚ್’ ಪುಸ್ತಕಕ್ಕೆ. ಮೂರನ್ನೂ ನನ್ನ ದುಡ್ಡಲ್ಲೇ ಕೊಂಡು, ಕೂತು ಓದಿದ ಮೇಲೆ ಹೇಳುತ್ತಿರುವ ಮಾತಿದು.

ಮೊದಲು ಕೈಗೆ ಬಂದದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಒಂದು ಪರೀಕ್ಷೆ ಗೈಡು. ಅಗ್ಗ, ಓದಲು ಸುಲಭ, ಪಾಸೂ ಆದೆ. ಆದರೆ ಅದು ಟರ್ಬೊ ಸಿ ಎಂಬ ಹಳೇ ಕಂಪೈಲರಿನ (ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ತಂತ್ರಾಂಶ) ಕಾಲದಲ್ಲೇ ನಿಂತುಬಿಟ್ಟಿತ್ತು. ಎಲ್ಲಿ ನೋಡಿದರೂ ‘ವಾಯ್ಡ್ ಮೇನ್’, ‘ಕೋನಿಯೊ’ ಹೆಡರ್ ಎಂಬ ಆ ಕಾಲದ ರೂಢಿಗಳೇ. ಇಂಟ್ (ಪೂರ್ಣಾಂಕ ಇಡುವ ಜಾಗ) ಎಂದರೆ 2 ಬೈಟ್ ಎಂದು ಕಲಿಸಿತ್ತು. ನನ್ನ ಲಿನಕ್ಸ್ ಲ್ಯಾಪ್‌ಟಾಪ್ 4 ಎನ್ನುತ್ತಿತ್ತು.

ಅಷ್ಟನ್ನು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಒಂದು ಪ್ರಶ್ನೆ: ಐ = 5 ಇದ್ದಾಗ ++ಐ + ++ಐ ಎಷ್ಟು (++ಐ ಎಂದರೆ ಐಗೆ ಒಂದು ಕೂಡಿಸಿ ಬಳಸು)? ಗೈಡು 14 ಎಂದು ಉತ್ತರ ಕೊಟ್ಟು, ಕೆಳಗೆ ಕಾರಣವನ್ನೂ ಬರೆದಿತ್ತು. ನಾನು ಬಾಯಿಪಾಠ ಮಾಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಒಂದು ರಾತ್ರಿ ಜಿಸಿಸಿ ಕಂಪೈಲರಿನಲ್ಲಿ ಓಡಿಸಿ ನೋಡಿದೆ, 14 ಬಂತು. ಅದೇ ಫೈಲನ್ನು ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿಗೆ ಕೊಟ್ಟೆ, 13 ಬಂತು!

ಯಾವುದೋ ಒಂದು ಕಂಪೈಲರ್ ಕೆಟ್ಟಿದೆ ಎಂದುಕೊಂಡು ಎರಡು ಗಂಟೆ ಒದ್ದಾಡಿದೆ. ಕೆಟ್ಟಿದ್ದು ಪ್ರಶ್ನೆಯೇ. ನಡುವೆ ಸೀಕ್ವೆನ್ಸ್ ಪಾಯಿಂಟ್ (ಹಿಂದಿನ ಬದಲಾವಣೆಗಳೆಲ್ಲ ಮುಗಿದಿರಬೇಕಾದ ಜಾಗ) ಇಲ್ಲದೆ ಒಂದೇ ವೇರಿಯಬಲ್ಲನ್ನು ಎರಡು ಸಲ ಬದಲಿಸಿದರೆ ಏನಾಗಬೇಕು ಎಂದು ಸಿ ಸ್ಟ್ಯಾಂಡರ್ಡ್ (ಭಾಷೆಯ ಅಧಿಕೃತ ನಿಯಮಾವಳಿ) ಹೇಳುವುದೇ ಇಲ್ಲ. ಅದು ಅನ್‌ಡಿಫೈನ್ಡ್ ಬಿಹೇವಿಯರ್, 14ಕ್ಕೂ ಬೆಲೆಯಿಲ್ಲ, 13ಕ್ಕೂ ಇಲ್ಲ. ಎಚ್ಚರಿಕೆಗಳನ್ನು ತೋರಿಸುವ ‘-ವಾಲ್’ ಆಯ್ಕೆ ಹಾಕಿ ಕಂಪೈಲ್ ಮಾಡಿದ್ದರೆ ಜಿಸಿಸಿಯೇ ಎಚ್ಚರಿಸುತ್ತಿತ್ತು. ಗೈಡಿನಲ್ಲಿ ಎಲ್ಲೂ ಆ ಮಾತಿರಲಿಲ್ಲ. ಇಲ್ಲದ ಉತ್ತರವನ್ನು ಮಕ್ಕಳಿಂದ ಉರು ಹೊಡೆಸುವುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕರ್ನಿಹನ್ ಮತ್ತು ರಿಚಿ ಅವರ ಪುಸ್ತಕ, ಎಲ್ಲರೂ ಕೆ ಅಂಡ್ ಆರ್ ಎನ್ನುವುದು, ಇದೇ ಅಪಾಯವನ್ನು ಎರಡನೇ ಅಧ್ಯಾಯದ ಕೊನೆಗೆ ಚುಟುಕಾಗಿ ಹೇಳಿ ಮುಗಿಸುತ್ತದೆ. ಇಡೀ ಪುಸ್ತಕವೇ 300 ಪುಟ ದಾಟುವುದಿಲ್ಲ. ಭಾಷೆ ಕಟ್ಟಿದವರಲ್ಲೊಬ್ಬರ ಕೈಬರಹ ಸಾಲುಸಾಲಿನಲ್ಲೂ ಕಾಣುತ್ತದೆ. ಕೊನೆಯ ಅಧ್ಯಾಯದಲ್ಲಿ ಮೆಮೊರಿ ಹಂಚಿಕೊಡುವ ಮ್ಯಾಲಕ್ ಫಂಕ್ಷನ್ ಅನ್ನು ಕೈಯಾರೆ ಬರೆದು ತೋರಿಸುತ್ತಾರೆ. ಅದರ ಫ್ರೀ ಲಿಸ್ಟನ್ನು (ಖಾಲಿ ಮೆಮೊರಿ ತುಂಡುಗಳ ಪಟ್ಟಿ) ನೋಟ್‌ಬುಕ್ಕಿನಲ್ಲಿ ಚೌಕ, ಬಾಣ ಹಾಕಿ ಬರೆದುಕೊಂಡ ದಿನ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಅಂದರೇನೆಂದು ನನಗೆ ನಿಜಕ್ಕೂ ಅರ್ಥವಾಯಿತು. ಆದರೆ ಎರಡನೇ ಆವೃತ್ತಿ 1988ರದು, 1999ರ ಸ್ಟ್ಯಾಂಡರ್ಡ್ ಆದ ಸಿ99 ಅದರಲ್ಲಿಲ್ಲ. ಒಂದು ವಾಕ್ಯ ತಪ್ಪಿಸಿಕೊಂಡರೆ ಮುಂದಿನ ಪುಟ ಕೈಕೊಡುತ್ತದೆ.

ನಾನು ಓದುವುದು ರಾತ್ರಿ ಊಟವಾದ ಮೇಲೆ, ಒಂದು ಗಂಟೆ, ಒಬ್ಬನೇ. ಅನುಮಾನ ಬಂದರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಕಿಂಗ್ ಗೆದ್ದದ್ದು ಅಲ್ಲೇ. ಪ್ರತಿ ಅಧ್ಯಾಯದ ಕೊನೆಗೆ ಒಂದು ಪ್ರಶ್ನೋತ್ತರ ಭಾಗವಿದೆ. ನನ್ನ ತಲೆಯಲ್ಲಿ ಎದ್ದ ಪ್ರಶ್ನೆ ಹತ್ತರಲ್ಲಿ ಏಳು ಸಲ ಅಲ್ಲಿರುತ್ತದೆ. 2008ರ ಎರಡನೇ ಆವೃತ್ತಿಯಲ್ಲಿ ಸಿ99 ಬಂದಿದೆ. ಅನ್‌ಡಿಫೈನ್ಡ್ ಬಿಹೇವಿಯರ್ ಅನ್ನು ನಾಲ್ಕನೇ ಅಧ್ಯಾಯದಲ್ಲೇ ಹೆಸರಿಟ್ಟು ಕರೆದು, ಉದಾಹರಣೆ ಕೊಟ್ಟು ಬಿಡಿಸುತ್ತಾರೆ.

ದಪ್ಪ ಪುಸ್ತಕ, ಬಸ್ಸಿನಲ್ಲಿ ಓದಲಾಗದು. ಬೆಲೆಯೂ ಜಾಸ್ತಿ, ಎರಡು ತಿಂಗಳು ಕೈ ಹಿಡಿದು ಖರ್ಚು ಮಾಡಿ ಕೊಂಡೆ. ಅಷ್ಟು ದುಡ್ಡಿಲ್ಲ, ಆದರೆ ಕೇಳಲು ಆಫೀಸಿನಲ್ಲಿ ಒಬ್ಬ ಹಿರಿಯರಿದ್ದಾರೆ ಎನ್ನುವವರಿಗೆ ಕೆ ಅಂಡ್ ಆರ್ ಸಾಕು. ಯಾವುದನ್ನೇ ಕೊಂಡರೂ ಜಾಗದ ಅಳತೆ ನೋಡದೆ ಸಾಲು ಓದಿಕೊಳ್ಳುವ ‘ಗೆಟ್ಸ್’ ಫಂಕ್ಷನ್ ಕಂಡಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿಕೊಳ್ಳಿ, 2011ರ ಸ್ಟ್ಯಾಂಡರ್ಡ್ ಆದ ಸಿ11ರಲ್ಲಿ ಅದನ್ನು ತೆಗೆದೇಬಿಟ್ಟಿದ್ದಾರೆ.