ಕೆಂಪು ಪಟ್ಟಿ ನೋಡಿ ಬೇಸ್ತು ಬಿದ್ದೆ: ಕ್ರಾಪ್ ಕ್ಯಾಮೆರಾಗೆ ಸೆಕೆಂಡ್ ಹ್ಯಾಂಡ್ ಲೆನ್ಸ್ ಹುಡುಕುತ್ತಿರುವವರು ದಯವಿಟ್ಟು ಓದಿ

ನಿನ್ನೆ ರಾತ್ರಿ ಅದೇ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಅದೇ ಫೋಟೋ. ನೀಲಿ ಟವೆಲ್ ಮೇಲೆ ಇಟ್ಟ ಕ್ಯಾನನ್ 17-55 ಎಂಎಂ ಎಫ್/2.8 ಲೆನ್ಸ್, ಪಕ್ಕದಲ್ಲಿ ಹುಡ್, ಮೂಲೆಯಲ್ಲಿ ಯಾರದ್ದೋ ಚಪ್ಪಲಿಯ ತುದಿ. ಎರಡು ತಿಂಗಳ ಹಿಂದೆ ನಾನು ನೋಡಿದ್ದೂ ಇದೇ ಚಪ್ಪಲಿಯನ್ನೇ. ಗೆಳೆಯನ ಫೋನಿನಿಂದ "ಲೆನ್ಸ್ ಇದೆಯಾ?" ಅಂತ ಕೇಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: "ಅದು ನಿನ್ನೆ ತಾನೇ ಹೋಯ್ತು ಸರ್. ಆದ್ರೆ ನನ್ನ ಹತ್ರ ಅದಕ್ಕಿಂತ ಒಳ್ಳೇದಿದೆ."

ನನಗೂ ಹೇಳಿದ್ದು ಇದನ್ನೇ. ಒಂದಕ್ಷರ ಆಚೀಚೆ ಇಲ್ಲ. ಹಾಗಾಗಿ ಮಾನ ಹೋದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನಾಳೆ ಬೇರೆ ಹೆಸರಲ್ಲಿ ಬರಬಹುದು, ವರಸೆ ಮಾತ್ರ ಇದೇ ಇರುತ್ತದೆ.

ನನ್ನದು ಸಾಧಾರಣ ಕ್ರಾಪ್ ಸೆನ್ಸರ್ ಬಾಡಿ, ಅಂದರೆ ಫುಲ್ ಫ್ರೇಮ್ (35 ಎಂಎಂ ಫಿಲ್ಮ್ ಅಳತೆಯ) ಸೆನ್ಸರಿಗಿಂತ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾ. ಜೊತೆಗೆ ಬಂದ 18-55 ಕಿಟ್ ಲೆನ್ಸ್‌ನಲ್ಲೇ ಐದು ವರ್ಷ ತಳ್ಳಿದ್ದೆ. (ಈ ಅಂಕಿಗಳು ಝೂಮಿನ ಎರಡು ತುದಿ, ಎಂಎಂ ಲೆಕ್ಕದಲ್ಲಿ. ಅಂಕಿ ಚಿಕ್ಕದಾದಷ್ಟೂ ಅಗಲ ಹೆಚ್ಚು.) ಬೈಯುವಂಥದ್ದೇನೂ ಇರಲಿಲ್ಲ. ಸಂಜೆಯಾದ ಮೇಲೆ ಮನೆಯೊಳಗೆ ಮಾತ್ರ ಕಷ್ಟ. 55ಕ್ಕೆ ಝೂಮ್ ಮಾಡಿದರೆ ಎಫ್/5.6ಕ್ಕೆ ಬಂದು ನಿಲ್ಲುತ್ತದೆ (ಎಫ್ ಅಂಕಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ), ಶಟರ್ 1/30 ಸೆಕೆಂಡಿಗೆ ಇಳಿಯುತ್ತದೆ, ಮಕ್ಕಳು ಫೋಟೋದಲ್ಲಿ ಹೊಗೆ ಥರ ಬರುತ್ತಾರೆ. ಅದೇ ಬೆಳಕಿನಲ್ಲಿ ಎಫ್/2.8 ಇದ್ದರೆ 1/125 ಸಿಗುತ್ತದೆ. ಐಎಸ್ ಇದೆಯಲ್ಲ ಅನ್ನಬೇಡಿ. ಐಎಸ್ ನಮ್ಮ ಕೈ ನಡುಕ ತಡೆಯುತ್ತದೆ, ಓಡುವ ಮಗುವನ್ನಲ್ಲ. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಳ್ಳಕ್ಕೆ ಬಿದ್ದೆ, ಅದೇ ಹೊಟ್ಟೆ ಉರಿ.

ಮೂರು ವಾರ ತಲೆ ಕೆಡಿಸಿಕೊಂಡು ಒಂದು ಪಟ್ಟಿ ಮಾಡಿದ್ದೆ. ಕ್ಯಾನನ್ 17-55, ಕ್ಯಾನನ್ 15-85, ಸಿಗ್ಮಾ 17-50 ಎಫ್/2.8. ಮೂರೂ ಕ್ರಾಪ್ ಸೆನ್ಸರ್‌ಗೆಂದೇ ಮಾಡಿದ ಲೆನ್ಸ್‌ಗಳು. ಮೊದಲ ಆಯ್ಕೆ 17-55. ಅದು ಹೊಸದು ಬೇಡ, ನನ್ನ ಕೈಗೆಟುಕಲ್ಲ, ಸೆಕೆಂಡ್ ಹ್ಯಾಂಡ್ ಸಾಕು ಅಂದುಕೊಂಡೆ. ಆಗ ಸಿಕ್ಕಿದ್ದೇ ಈ ನೀಲಿ ಟವೆಲ್.

"ಆದ್ರೆ ಅದಕ್ಕಿಂತ ಒಳ್ಳೇದಿದೆ" ಅಂದಾಗಲೇ ಫೋನ್ ಇಡಬೇಕಿತ್ತು. ಇಡಲಿಲ್ಲ. "24-105 ಎಲ್ ಲೆನ್ಸ್ ಸರ್. ಕೆಂಪು ಪಟ್ಟಿಯದ್ದು. ಪ್ರೊಫೆಷನಲ್ಸ್ ಬಳಸೋದು. 17-55 ಎಲ್ಲಾ ಹವ್ಯಾಸಕ್ಕೆ. 2015ರಲ್ಲಿ ಬ್ರಾಂಡ್ ನ್ಯೂ ತಗೊಂಡಿದ್ದು, ಜಾಸ್ತಿ ಬಳಸೇ ಇಲ್ಲ" ಅಂತ ಮೆಸೇಜ್ ಹಾಕಿದರು. ಈ ಮೆಸೇಜ್ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ನಾನು ಕೇಳಿದೆ, "ಸರ್, ನನ್ನದು ಕ್ರಾಪ್ ಬಾಡಿ. 24 ಅಂದರೆ ಅಗಲ ಕಡಿಮೆ ಆಗಲ್ವಾ?" ಉತ್ತರ: "ಕ್ರಾಪ್‌ನಲ್ಲಿ ಇನ್ನೂ ಚೆನ್ನಾಗಿ ಬರುತ್ತೆ ಸರ್. ಲೆನ್ಸಿನ ಮಧ್ಯಭಾಗ ಮಾತ್ರ ಬಳಸುತ್ತೆ, ಅಂಚು ಬರೋದೇ ಇಲ್ಲ. ಶಾರ್ಪ್ ಅಂದ್ರೆ ಶಾರ್ಪ್."

ಇದರಲ್ಲಿ ಅರ್ಧ ನಿಜ ಇದೆ. ಅದಕ್ಕೇ ನಂಬಿದೆ. ಫುಲ್ ಫ್ರೇಮ್ ಲೆನ್ಸನ್ನು ಕ್ರಾಪ್ ಬಾಡಿಗೆ ಹಾಕಿದರೆ ಮಧ್ಯಭಾಗವೇ ಬಳಕೆಯಾಗುವುದು. ಆದರೆ ನಾನು ಕೇಳಿದ್ದು ಶಾರ್ಪ್ ಇದೆಯಾ ಅಂತಲ್ಲ, ಅಗಲ ಬರುತ್ತಾ ಅಂತ. ನಾನು ಕೇಳಿದ್ದೊಂದು, ಅವರು ಹೇಳಿದ್ದೊಂದು. ಆ ಕ್ಷಣಕ್ಕೆ ಅದು ಹೊಳೆಯಲೇ ಇಲ್ಲ. ಕೆಂಪು ಪಟ್ಟಿ (ಕ್ಯಾನನ್ ತನ್ನ ದುಬಾರಿ ಎಲ್ ಲೆನ್ಸುಗಳ ಮೂತಿಗೆ ಹಾಕುವ ಗುರುತು) ಅಂದ ಕೂಡಲೇ ನನ್ನ ಮೂರು ವಾರದ ಓದು ಗಾಳಿಗೆ ಹೋಯಿತು.

ಬೆಳಿಗ್ಗೆ ಬರುತ್ತೇನೆ ಅಂದೆ. ಬೆಳಿಗ್ಗೆ ಆಗಲ್ಲ, ಕೆಲಸ ಇದೆ, ಸಂಜೆ ಏಳಕ್ಕೆ ಬನ್ನಿ ಅಂದರು. ಒಂದು ಕಟ್ಟಡದ ಮೆಟ್ಟಿಲ ಹತ್ತಿರ ಭೇಟಿ, ಮೇಲೊಂದು ಟ್ಯೂಬ್‌ಲೈಟ್. ಲೆನ್ಸ್ ಕೈಗೆ ಕೊಟ್ಟರು. 670 ಗ್ರಾಂ. ನನ್ನ ಕಿಟ್ ಲೆನ್ಸ್ 200 ಗ್ರಾಂ. ಕೈಗೆ ಭಾರ ಬಿದ್ದ ಕೂಡಲೇ ಬುದ್ಧಿ ಹಗುರ ಆಯಿತು. ಮುಂದೆ ಯುವಿ ಫಿಲ್ಟರ್ ಇತ್ತು. ಬಿಚ್ಚಲು ಹೋದೆ, ಬರಲಿಲ್ಲ. "ಬಿಡಿ ಸರ್, ಸ್ವಲ್ಪ ಟೈಟ್ ಆಗಿದೆ. ಗಾಜಿಗೆ ಒಂದು ಗೀರೂ ಬೀಳಬಾರದು ಅಂತ ಮೊದಲ ದಿನದಿಂದ ಹಾಕಿಟ್ಟಿದ್ದೀನಿ. ಫಿಲ್ಟರ್ ನಿಮಗೇ, ಫ್ರೀ." ನಾನು ಥ್ಯಾಂಕ್ಸ್ ಬೇರೆ ಹೇಳಿದೆ. ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಕ್ಯಾಮೆರಾ ಕೆಳಗೆ ಹಿಡಿದರೆ ಲೆನ್ಸಿನ ಮೂತಿ ತಾನಾಗೇ ಜಾರಿ ಹೊರಗೆ ಬರುತ್ತಿತ್ತು. ಕೇಳಿದೆ. "ಎಷ್ಟು ಸ್ಮೂತ್ ನೋಡಿ ಸರ್!" ಅಂದರು. ಸ್ಮೂತ್ ಅಂತೆ. ಜಾಸ್ತಿ ಬಳಸಿ ಸಡಿಲವಾದದ್ದಕ್ಕೆ ಸ್ಮೂತ್ ಅಂತ ಹೆಸರು.

ಆಮೇಲೆ ಅವರೇ ನನ್ನ ಕ್ಯಾಮೆರಾ ತೆಗೆದುಕೊಂಡು, ಝೂಮ್ ಪೂರ್ತಿ 105ಕ್ಕೆ ತಿರುಗಿಸಿ, "ನನ್ನದೇ ಒಂದು ತೆಗೀರಿ" ಅಂತ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ತೆಗೆದೆ. ಮುಖ ಸ್ಪಷ್ಟ, ಹಿಂದಿನದ್ದೆಲ್ಲ ಕರಗಿ ಹೋಗಿದೆ. ಕಿಟ್ ಲೆನ್ಸ್‌ನಲ್ಲಿ ಯಾವತ್ತೂ ಕಾಣದ ಚಿತ್ರ. ಖುಷಿಯಲ್ಲಿ ಇನ್ನೂ ನಾಲ್ಕು ತೆಗೆದೆ, ನಾಲ್ಕೂ 105ರಲ್ಲೇ. ಅವರು ಝೂಮ್ ಹಿಂದಕ್ಕೆ ತಿರುಗಿಸಲಿಲ್ಲ, ನಾನೂ ತಿರುಗಿಸಲಿಲ್ಲ. ಒಂದೇ ಒಂದು ಸಲ 24ಕ್ಕೆ ತಂದು ಆ ಮೆಟ್ಟಿಲನ್ನು ನೋಡಿದ್ದರೆ ಸಾಕಿತ್ತು. ದುಡ್ಡು ಎಣಿಸಿ ಕೊಟ್ಟು ಬಂದೆ.

ಭಾನುವಾರ ಅಕ್ಕನ ಮಗಳ ಹುಟ್ಟುಹಬ್ಬ. ಚಿಕ್ಕ ಹಾಲ್, ಹದಿಮೂರು ಜನ. ಎಲ್ಲರನ್ನೂ ನಿಲ್ಲಿಸಿ ಹಿಂದೆ ಹೋದೆ, ಹೋದೆ, ಬೆನ್ನು ಗೋಡೆಗೆ ತಾಗಿತು. ವ್ಯೂಫೈಂಡರ್‌ನಲ್ಲಿ ಎರಡೂ ಕಡೆ ಜನ ಕತ್ತರಿಸಿ ಹೋಗುತ್ತಿದ್ದಾರೆ. "ಏನೋ, ಹೊಸ ಲೆನ್ಸ್ ಅಂದೆ, ಭಾವನೇ ಬರ್ತಿಲ್ವಲ್ಲೋ ಇದರಲ್ಲಿ" ಅಂದಳು ಅಕ್ಕ. ಎಲ್ಲರೂ ನಕ್ಕರು. ಕೊನೆಗೆ ಭಾವನ ಮೊಬೈಲ್‌ನಲ್ಲಿ ಗ್ರೂಪ್ ಫೋಟೋ ಆಯಿತು. ಐದು ವರ್ಷದಲ್ಲಿ ಮೊದಲ ಸಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಖರೀದಿಗೆ ಮುಂಚೆ ಹಾಕಬೇಕಾದ ಲೆಕ್ಕ. ಕ್ಯಾನನ್ ಕ್ರಾಪ್ ಸೆನ್ಸರ್ ಅಗಲ ಸುಮಾರು 22.3 ಎಂಎಂ. ಮೂರು ಮೀಟರ್ ದೂರದಲ್ಲಿ ನಿಂತರೆ 18 ಎಂಎಂನಲ್ಲಿ ಹೆಚ್ಚುಕಮ್ಮಿ 3.7 ಮೀಟರ್ ಅಗಲ ಫ್ರೇಮಿಗೆ ಬರುತ್ತದೆ. 24ರಲ್ಲಿ 2.8 ಮೀಟರ್ ಅಷ್ಟೇ. ಒಂದು ಮೀಟರ್ ಹತ್ತಿರ ಹತ್ತಿರ ಹೋಯಿತು. ಒಂದು ಮೀಟರ್ ಅಂದರೆ ಭಾವ ಮತ್ತು ಅವರ ಅಣ್ಣ. ಅಪ್‌ಗ್ರೇಡ್ ಅಂತ ದುಡ್ಡು ಕೊಟ್ಟು, ಇದ್ದ ಅಗಲವನ್ನೂ ಕಳೆದುಕೊಂಡೆ. ಫುಲ್ ಫ್ರೇಮ್‌ನಲ್ಲಿ 24 ಚೆನ್ನಾಗಿಯೇ ಅಗಲ, ಈ ಲೆನ್ಸ್ 2005ರಲ್ಲಿ ಬಂದದ್ದೇ ಅಂಥ ಬಾಡಿಗಳಿಗೆ. ಕ್ರಾಪ್ ಮೇಲೆ 1.6ರಿಂದ ಗುಣಿಸಿ, ಫುಲ್ ಫ್ರೇಮಿನ 38ರಷ್ಟೇ ಅಗಲ ಕಾಣುತ್ತದೆ. ಜೇಬಿನಲ್ಲಿಟ್ಟು ತಿರುಗುವ ಗಾದೆ ಥರ ಈ 1.6 ನನಗೆ ಬಾಯಿಪಾಠ ಇತ್ತು. ಬೇಕಾದಾಗ ಮಾತ್ರ ಬಾಯಿಗೆ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ದಡ್ಡತನ ಅಂತ ಸುಮ್ಮನಿರುತ್ತಿದ್ದೆ. ಹೋಗಲಿ, ಹೊರಗಡೆ ಸುತ್ತುವಾಗ ಆಗುತ್ತದೆ ಅಂತ ಸಮಾಧಾನ ಮಾಡಿಕೊಂಡು ಸೂರ್ಯನಿಗೆ ಎದುರಾಗಿ ಕೆಲವು ಫೋಟೋ ತೆಗೆದೆ. ಎಲ್ಲ ಬಿಳಿಚಿಕೊಂಡಿವೆ. ಕಪ್ಪು ಕಪ್ಪಾಗಿಲ್ಲ, ಹಾಲು ಬೆರೆಸಿದ ಹಾಗೆ. ಫಿಲ್ಟರ್ ಇರಬೇಕು ಅಂತ ಗೆಳೆಯನ ಹತ್ತಿರ ಒಯ್ದೆ. ಅವನು ಫಿಲ್ಟರ್ ಸುತ್ತ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಅಂಗೈ ಒತ್ತಿ ತಿರುಗಿಸಿದ. ಎರಡನೇ ಸಲಕ್ಕೆ ಬಂತು. ಆಮೇಲೆ ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿದ. ಏನೂ ಮಾತಾಡಲಿಲ್ಲ. "ನೀನೇ ನೋಡು ಮಾರಾಯ" ಅಂತ ಕೊಟ್ಟ.

ಮುಂದಿನ ಗಾಜಿನ ಒಳಬದಿಯಲ್ಲಿ, ಅಂಚಿನಿಂದ ಹೊರಟು ಒಳಗೆ ಹಬ್ಬಿದ ಬಿಳಿ ಎಳೆಗಳು. ಒಂದೊಂದು ಎಳೆ ಮತ್ತೆ ಎರಡಾಗಿ ಸೀಳಿ, ಮರದ ಬೇರಿನ ಹಾಗೆ. ಫಂಗಸ್. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಬೂಷ್ಟು. ಟ್ಯೂಬ್‌ಲೈಟ್ ಕೆಳಗೆ ಫಿಲ್ಟರ್ ಮೇಲಿಂದ ನೋಡಿದಾಗ ಇದೇ ಗಾಜು ಫಳಫಳ ಅಂದಿತ್ತು. ಇದು ಲೆನ್ಸ್ ಮಾಡಿದವರ ತಪ್ಪಲ್ಲ. ತೇವದಲ್ಲಿ, ಕತ್ತಲ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟವರ ತಪ್ಪು.

ಅವತ್ತೇ ಇನ್ನೊಂದು ನೋಡಿದೆವು. ಹಳೆಯ ಕ್ಯಾನನ್ ಲೆನ್ಸ್‌ಗಳ ಹಿಂಬದಿ, ಮೌಂಟ್ (ಬಾಡಿಗೆ ಕೂರುವ ಜಾಗ) ಹತ್ತಿರ, ಕಪ್ಪಿನ ಮೇಲೆ ಸಣ್ಣದಾಗಿ ಒಂದು ಕೋಡ್ ಇರುತ್ತದೆ. ಮೊದಲ ಅಕ್ಷರ ಕಾರ್ಖಾನೆ, ಎರಡನೆಯದು ವರ್ಷ, ಆಮೇಲಿನ ಎರಡು ಅಂಕಿ ತಿಂಗಳು. ನನ್ನದರಲ್ಲಿ ಯು, ವಿ, 08. ಯು ಅಂದರೆ ಜಪಾನಿನ ಉತ್ಸುನೊಮಿಯಾ. ವಿ ಅಂದರೆ 2007. ಆಗಸ್ಟ್ 2007ರಲ್ಲಿ ಹುಟ್ಟಿದ ಲೆನ್ಸನ್ನು 2015ರಲ್ಲಿ ಬ್ರಾಂಡ್ ನ್ಯೂ ತಗೊಂಡರಂತೆ.

ಟಾರ್ಚ್ ಬಿಟ್ಟು ತೆಗೆದ ಫೋಟೋ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಹಾಕುತ್ತೇನೆ, ನೀವೇ ಓದಿ.

"ಅದು ಧೂಳು ಸರ್. ಎಲ್ಲಾ ಲೆನ್ಸಲ್ಲೂ ಇರುತ್ತೆ. ಫೋಟೋದಲ್ಲಿ ಬರಲ್ಲ."

ಮತ್ತೆ ಅರ್ಧ ನಿಜ. ಒಳಗೆ ನಾಲ್ಕು ಧೂಳಿನ ಕಣ ಇದ್ದರೆ ಫೋಟೋದಲ್ಲಿ ಬರುವುದಿಲ್ಲ. ಆದರೆ ಧೂಳು ಚುಕ್ಕೆ ಚುಕ್ಕೆ ಇರುತ್ತದೆ, ಕವಲೊಡೆಯುವುದಿಲ್ಲ. ಬಿಳಿಚಿದ ಫೋಟೋಗಳನ್ನು ಕಳಿಸಿದೆ.

"ಹಾಗಿದ್ರೆ ನಿಮ್ಮ ಮನೇಲಿ ತೇವ ಇರಬೇಕು. ನಾನು ಕೊಟ್ಟಾಗ ಕ್ಲೀನ್ ಇತ್ತು."

ಎಂಟು ದಿನ! ಎಂಟು ದಿನದಲ್ಲಿ ಗಾಜಿನೊಳಗೆ ಇಷ್ಟು ದೊಡ್ಡ ಬೇರು ಬಿಡಬೇಕಾದರೆ ನಾನು ಲೆನ್ಸನ್ನು ಬಾವಿಯಲ್ಲಿ ಇಟ್ಟಿರಬೇಕು. ಒಂದು ನಿಮಿಷದ ಹಿಂದೆ ಧೂಳಾಗಿದ್ದದ್ದು ಈಗ ನನ್ನ ಮನೆಯ ತೇವ ಆಯಿತು. 2007 ಅಂತ ಕೋಡ್ ಹೇಳುತ್ತಿದೆಯಲ್ಲ, ಅದೇನು ಅಂತ ಕೇಳಿದೆ.

"ಅದು ಮಾಡೆಲ್ ನಂಬರ್ ಸರ್."

ಅಲ್ಲ ಅಂತ ಬಿಡಿಸಿ ಬರೆದೆ. ಸ್ವಲ್ಪ ಹೊತ್ತು ಮೌನ. ಆಮೇಲೆ:

"ನಾನು 2015ರಲ್ಲಿ ತಗೊಂಡೆ ಅಂದೆ. ಹೊಸದು ಅಂದ್ನಾ?"

ಅವರ ಹಳೆ ಮೆಸೇಜ್ ಸ್ಕ್ರೀನ್‌ಶಾಟ್ ತೆಗೆದು, ಬ್ರಾಂಡ್ ನ್ಯೂ ಅನ್ನುವಲ್ಲಿ ಗೆರೆ ಎಳೆದು ಕಳಿಸಿದೆ. ಈಗ ಹೇಗೆ ತಪ್ಪಿಸಿಕೊಳ್ಳುತ್ತಾನೆ ನೋಡೋಣ ಅಂತ ಕಾದೆ. ಅರ್ಧ ಗಂಟೆ ಬಿಟ್ಟು ಬಂತು:

"ನೀವೇ ಚೆಕ್ ಮಾಡಿ ತಗೊಂಡ್ರಿ ಸರ್. ಐದು ಫೋಟೋ ತೆಗೆದ್ರಿ. ಖುಷಿಯಾಗಿ ಹೋದ್ರಿ. ಕೊಟ್ಟ ಮೇಲೆ ನನ್ನ ಜವಾಬ್ದಾರಿ ಇಲ್ಲ."

ಇದೇ ನೋಡಿ ನನ್ನನ್ನು ಹೆಚ್ಚು ಸುಟ್ಟದ್ದು. ಖುಷಿಯಾಗಿ ಹೋದ್ರಿ. ಹೌದು, ಹೋದೆ. ಎಷ್ಟು ಫೋಟೋ ತೆಗೆದೆ ಅಂತಲೂ ಎಣಿಸಿಟ್ಟಿದ್ದ ಆಸಾಮಿ. ಮರುದಿನ ಕರೆ ಮಾಡಿದರೆ ಹೋಗಲಿಲ್ಲ, ಬ್ಲಾಕ್.

ರಿಪೇರಿಯವರಿಗೆ ತೋರಿಸಿದೆ. ಮುಂದಿನ ಗಾಜು ಬಿಚ್ಚಿ ಒರೆಸಬಹುದು, ಆದರೆ ಬೂಷ್ಟು ಕೋಟಿಂಗ್ ತಿಂದಿದ್ದರೆ ಗುರುತು ಹೋಗಲ್ಲ, ಗ್ಯಾರಂಟಿ ಕೊಡಲ್ಲ ಅಂದರು. ಕೇಳಿದ ದುಡ್ಡು ನಾನು ಲೆನ್ಸಿಗೆ ಕೊಟ್ಟದ್ದರ ಅರ್ಧಕ್ಕಿಂತ ಜಾಸ್ತಿ. ಬಿಟ್ಟು ಬಂದೆ.

ಬುದ್ಧಿ ಹೇಳುವ ಮುಖ ನನಗಿಲ್ಲ, ಆದರೂ ಎರಡು ಮಾತು. ನೀವು ನೋಡಲು ಹೋದ ಲೆನ್ಸ್ ಇಲ್ಲ ಅಂದರೆ ವಾಪಸ್ ಬನ್ನಿ, ಬದಲಿಗೆ ತೋರಿಸಿದ್ದನ್ನು ಮುಟ್ಟಲೇಬೇಡಿ. ಹಗಲಲ್ಲೇ ಹೋಗಿ. ಫಿಲ್ಟರ್ ಬರದಿದ್ದರೆ ವ್ಯವಹಾರವೂ ಬೇಡ. ಟಾರ್ಚ್ ಬಿಡಿ, ಎದುರಿನವರು ಮುಖ ಸಿಂಡರಿಸಿದರೂ ಬಿಡಿ. ಝೂಮ್‌ನ ಎರಡೂ ತುದಿಯಲ್ಲಿ ತೆಗೆಯಿರಿ, ಎಫ್/8ಕ್ಕೂ ಇಳಿಸಿ ತೆಗೆಯಿರಿ. ಬರೀ ಅಪರ್ಚರ್ (ಬೆಳಕು ಬಿಡುವ ರಂಧ್ರ) ಪೂರ್ತಿ ತೆರೆದು ತೆಗೆದರೆ ಅದರ ಬ್ಲೇಡ್ ಅಲ್ಲಾಡುವುದೇ ಇಲ್ಲ, ಕೆಟ್ಟಿದ್ದರೂ ಗೊತ್ತಾಗಲ್ಲ. ಟ್ಯಾಮ್ರಾನ್ 17-50 ಎಫ್/2.8 ನೋಡುವವರಿಗೆ ಒಂದು ಕಿವಿಮಾತು: ಅದರಲ್ಲಿ ವಿಸಿ (ಐಎಸ್‌ಗೆ ಟ್ಯಾಮ್ರಾನ್ ಇಟ್ಟ ಹೆಸರು) ಇರುವುದು, ಇಲ್ಲದ್ದು ಅಂತ ಎರಡಿವೆ. ವಿಸಿ ಇರುವುದಕ್ಕೆ ಫಿಲ್ಟರ್ ಅಳತೆ 72, ಇಲ್ಲದ್ದಕ್ಕೆ 67. ಜಾಹೀರಾತಿನ ಮಾತು ನಂಬಬೇಡಿ, ಮುಂದಿನ ಅಳತೆ ನೋಡಿ. ಇನ್ನು ಕೆಂಪು ಪಟ್ಟಿ, ಚಿನ್ನದ ಪಟ್ಟಿ ಏನೇ ಇರಲಿ, ನಿಮ್ಮ ಕಿಟ್ ಲೆನ್ಸನ್ನು 24ಕ್ಕೆ ತಿರುಗಿಸಿ ಒಂದು ಭಾನುವಾರ ಅದಕ್ಕಿಂತ ಅಗಲ ಮಾಡದೆ ಕಳೆಯಿರಿ. ಬಿಟ್ಟಿ ಪರೀಕ್ಷೆ. ನಾನು ಮಾಡಿದ್ದರೆ ಮೆಟ್ಟಿಲ ತನಕ ಹೋಗುತ್ತಲೇ ಇರಲಿಲ್ಲ.

ಲೆನ್ಸ್ ಈಗ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ, ಉಳಿದ ಸಾಮಾನಿನಿಂದ ದೂರ, ಅಲ್ಮೇರಾ ಮೇಲೆ ಕೂತಿದೆ. ಮಾರಿಬಿಡು ಅಂತ ಒಂದಿಬ್ಬರು ಹೇಳಿದರು. ಏನಂತ ಹೇಳಿ ಮಾರಲಿ? ಧೂಳು ಅಂತಲಾ?

ಇದನ್ನು ಬರೆಯುವ ಹೊತ್ತಿಗೆ ಗೆಳೆಯನ ಫೋನಿಗೆ ಮತ್ತೊಂದು ಮೆಸೇಜ್ ಬಂದಿದೆ. "ಸರ್, ಇನ್ನೊಬ್ರು ಕೇಳ್ತಿದ್ದಾರೆ, ನಿಮಗೇಂತ ಇಟ್ಟಿದ್ದೀನಿ. ಸಂಜೆ ಏಳಕ್ಕೆ ಬರ್ತೀರಾ?"